ಬೂತಾಯಿ ಎಣ್ಣೆ

ಎಂಟು ತಿಂಗಳ ಸಂಬಳದ ಬದಲಿಗೆ
ಡಾಕ್ಟರ್ ರೆಬೆಲ್ಲೋ ಕೊಟ್ಟ ಫಿಯೆಟ್ಟು ಇದು,
ಅರವತ್ತೆರಡರದ್ದು, ಕೆನೆಬಣ್ಣ.
ಕ್ಲಿನಿಕ್ಕು ಮುಚ್ಚಿದ ದಿನ ಬೀಗದಕೈ ನನ್ನ ಅಂಗೈಗೆ ಹಾಕಿ
'ಇದಕ್ಕೆ ರಕ್ತಪರೀಕ್ಷೆ ಬೇಡ, ಫ್ಲೇವಿಯಾ' ಅಂದಿದ್ದರು.

ಬೇಕಿತ್ತು.

ಹೊಯ್ಗೆಬಜಾರಿನ ಹಮ್ಮಬ್ಬಾಕ
ಬಾಗಿಲಿನ ಕೆಳಗೆ ಬೆರಳ ಗೆಣ್ಣಿನಿಂದ
ತಟ್ಟುತ್ತಾ ಬಂದರು, ಹಲಸು ಕೊಳ್ಳುವವರ ಹಾಗೆ.
ಟಣ್. ಟಣ್. ಟಣ್.
ಎಡಗಡೆ, ಹಿಂದಿನ ಚಕ್ರದ ಹತ್ತಿರ,
ಬೊದ್.
'ಇಲ್ಲಿ ಎಂತದೋ ಉಂಟು.'

ಮೂವತ್ತೊಂದು ವರ್ಷ ನಾನು
ಬಸುರಿಯರ ಚೀಟಿಯಲ್ಲಿ ಬರೆದದ್ದು ಒಂದೇ:
ಕಬ್ಬಿಣದಂಶ ಸಾಲದು.
ಈಗ ಕಾರಿನಡಿ ಗೋಣಿ ಹಾಸಿ ಮಲಗಿ
ಮೂಗಿಗೆ ಉದುರುವ ಕೆಂಪು ಹುಡಿ ಒರೆಸಿಕೊಳ್ಳುತ್ತಾ ನೋಡುತ್ತೇನೆ,
ಇದ್ದ ಕಬ್ಬಿಣವೂ ಎದ್ದು ಹೊರಟಿದೆ,
ಯಾರಿಗೂ ಹೇಳದೆ, ಒಳಗಿನಿಂದ.
ಹೊರಗೆ ಬಣ್ಣ ಮಾತ್ರ
ಫೋಟೋಕ್ಕೆ ನಿಂತ ಹಾಗೆ.

'ಉಪ್ಪು ಮಾರಾಯ್ರೇ' ಅಂದರು ಹಮ್ಮಬ್ಬಾಕ.
'ನಮ್ಮ ಊರಿನ ಗಾಳಿ ಸಿಕ್ಕಿದ್ದನ್ನೆಲ್ಲ ಉಪ್ಪಿಗೆ ಹಾಕುತ್ತದೆ,
ಮಾವಿನಮಿಡಿ, ಹಲಸಿನ ಸೊಳೆ, ಕಾರು.'
ಬಾಗಿಲಿನ ಅಡಿಯಲ್ಲಿ ನೀರಿಳಿಯಲೆಂದು
ಕಂಪೆನಿಯವರೇ ಬಿಟ್ಟ ಮೂರು ತೂತು.
ಮೂರೂ ಬಂದ್. ತರಗೆಲೆ, ಇರುವೆ ಮಣ್ಣು,
ಯಾರೋ ದಪ್ಪಗೆ ಹೊಡೆಸಿದ ಪೇಂಟು.
ಮಳೆ ಗಾಜಿನ ಅಂಚಿನಿಂದ ಒಳಗಿಳಿಯುವುದು ಇದ್ದದ್ದೇ.
ಇಳಿದದ್ದು ಅಲ್ಲೇ ಕೂತಿತ್ತು.

ವಯರ್ ಬ್ರಶ್ಶು. ಎಮರಿ ಕಾಗದ,
ಮೊದಲು ಒರಟು, ಆಮೇಲೆ ನಯ.
ಮೂರನೇ ದಿನ ಮಧ್ಯಾಹ್ನ ಚಕ್ರದ ಕಮಾನಿನಿಂದ
ಅಂಗೈಯಗಲದ ಪುಟ್ಟಿ ಕಳಚಿ ಬಿತ್ತು.
ಅದರ ಹಿಂದೆ, ಬಲೆಯ ನೈಲಾನ್ ನೂಲಿನಲ್ಲಿ ಕಟ್ಟಿದ
ಗೋಣಿತುಂಡಿನ ಉಂಡೆ.
ಅದರ ಹಿಂದೆ ಏನೂ ಇಲ್ಲ.
ಹಮ್ಮಬ್ಬಾಕ ಆ ಗಂಟು ಬಿಚ್ಚಿದರು, ಮತ್ತೆ ಹಾಗೆಯೇ ಕಟ್ಟಿದರು,
ಚಾ ಕುಡಿದು ಬರುತ್ತೇನೆಂದು ಹೋದರು.
ಒಂದು ಚಾಕ್ಕೆ ಒಂದೂವರೆ ಗಂಟೆ.

ಬಂದವರು ಕೂರಲಿಲ್ಲ.
'ಲ್ಯಾಬಿನಮ್ಮಾ, ಇದು ನನ್ನದೇ ಕೈ.
ಆಗ ನನಗೆ ಹತ್ತೊಂಬತ್ತು. ಡಾಕ್ಟರ ತಂಗಿಯ ಮದುವೆ,
ಶನಿವಾರ ರೋಸು, ಶುಕ್ರವಾರ ಕಾರು ಬೇಕು ಅಂದರು.
ಕೆರೆಯಲು ಪುರುಸೊತ್ತು ಇರಲಿಲ್ಲ. ಮುಚ್ಚಿದೆ.
ಬಣ್ಣ ಚಂದ ಬಂದಿತ್ತು.
ಐದು ರೂಪಾಯಿ ಇನಾಮು ಕೊಟ್ಟಿದ್ದರು.'

ನಾನು ಎಂತ ಹೇಳಲಿ.
ನಾನೂ ಒಮ್ಮೆ, ಸಂಜೆ ಆರೂವರೆಗೆ,
ಕೊನೆಯ ಬಸ್ಸಿನ ಗಡಿಬಿಡಿಯಲ್ಲಿ
ನೋಡದ ಸ್ಲೈಡಿಗೆ ನಾರ್ಮಲ್ ಅಂತ ಬರೆದಿದ್ದೇನೆ.
ಆ ಹೆಸರು ಹೇಳುವುದಿಲ್ಲ.

'ಎಮರಿ ಇತ್ತ ಕೊಡಿ' ಅಂದೆ.

ಬೆಳ್ಳಗೆ ಕಾಣುವವರೆಗೆ ಕೆರೆದೆವು. ಹೊಸ ತಗಡು ಬೆಸೆದರು.
ರೆಡ್ ಆಕ್ಸೈಡು ಎರಡು ಕೈ.
ಪುನಃ ಕೆಂಪೇ, ಆದರೆ ಉದುರದ ಕೆಂಪು.
ಕೊನೆಗೆ ದೋಣಿಯವರ ಮದ್ದು, ಬೂತಾಯಿ ಎಣ್ಣೆ,
ಒಂದು ಡಬ್ಬ, ಮುಚ್ಚಳ ತೆಗೆದರೆ ಇಡೀ ಧಕ್ಕೆ.
ಕೈ ಹೋಗದ ಟೊಳ್ಳುಗಳಿಗೆ ಅದನ್ನು ಮುಟ್ಟಿಸುವುದು ಹೇಗೆ?
ನನ್ನ ಚೀಲದಲ್ಲಿತ್ತು ಕ್ಲಿನಿಕ್ಕಿನ ಹಳೇ ಗಾಜಿನ ಸಿರಿಂಜು.
ನರ ಹುಡುಕಿ ರೂಢಿಯಾದ ಬೆರಳು ತೂತು ಹುಡುಕಿತು.
ಒತ್ತಿದೆ, ನಿಧಾನ,
ನೋವಾದರೆ ಹೇಳು ಅನ್ನುವ ಹಾಗೆ.

ತಗಡಿನ ದುಡ್ಡು ಎಣಿಸಿಕೊಂಡರು ಹಮ್ಮಬ್ಬಾಕ.
ಆ ಕಮಾನಿನ ಮಜೂರಿ ಮುಟ್ಟಲಿಲ್ಲ.
ನಾನು ಒತ್ತಾಯ ಮಾಡಲಿಲ್ಲ.

ಜೆಪ್ಪುವಿನ ಬೆಕ್ಕುಗಳದ್ದು ಒಂದು ತಿಂಗಳು
ಕಾರಿನಡಿ ಸತ್ಯಾಗ್ರಹ.
ಇಗರ್ಜಿಯಲ್ಲಿ ನನ್ನ ಬೆಂಚು ನನಗೊಬ್ಬಳಿಗೇ.

ಈಗ ಜೂನ್. ರಾತ್ರಿಯಿಡೀ ಹೊಯ್ದು
ಬೆಳಿಗ್ಗೆ ಸ್ವಲ್ಪ ಹೊಳವಾಗಿದೆ.
ಹಿಡಿಸೂಡಿಯಿಂದ ಕಡ್ಡಿಯೊಂದು ಎಳೆದು
ಅಂಗಳದಲ್ಲಿ ಮೊಣಕಾಲೂರುತ್ತೇನೆ.
ಮೊದಲನೆಯ ತೂತು. ಎರಡನೆಯದು.
ಮೂರನೆಯದರಲ್ಲಿ ಎಂತದೋ ತಡೆ, ತಿರುಗಿಸುತ್ತೇನೆ,
ಒಂದು ಎಲೆಯ ಚೂರು, ಅದರ ಬೆನ್ನಿಗೇ
ನೀರು, ನನ್ನ ಮಣಿಕಟ್ಟಿನ ಮೇಲೆ,
ತಣ್ಣಗೆ,
ಬಣ್ಣವಿಲ್ಲದೆ.