ಅಂದಾಜು

ಮಳವಳ್ಳಿಯಿಂದ ಕಿರುಗಾವಲಿಗೆ ಹೋಗುವ ದಾರಿ,
ಮಧ್ಯಾಹ್ನ ಮೂರರ ಮೇಲೆ.
ಮೊಪೆಡ್ಡಿನ ಚೈನು ಕಡಿದು
ಸತ್ತ ಕೇರೆಹಾವಿನ ಹಾಗೆ ಟಾರಿನ ಮೇಲೆ ಬಿತ್ತು.
ಹಿಂದೆ ಕಟ್ಟಿದ ಚೀಲದಲ್ಲಿ ಹಿತ್ತಾಳೆ ಬಟ್ಟುಗಳು,
ಐವತ್ತು ಗ್ರಾಮು, ನೂರು, ಇನ್ನೂರು, ಐನೂರು,
ಕಿಲೋ, ಎರಡು ಕಿಲೋ, ಐದು, ಹತ್ತು,
ಒಂದನ್ನೊಂದು ಬೈದುಕೊಂಡು ಸುಮ್ಮನಾದವು.

ನಾನು ತಕ್ಕಡಿ ನೇರ ಮಾಡುವವನು.
ಆಲೆಮನೆ, ಸೊಸೈಟಿ, ರೇಷ್ಮೆಗೂಡಿನ ಮಾರ್ಕೆಟ್ಟು,
ಎಲ್ಲಿ ಮುಳ್ಳು ವಾಲಿದರೂ ನನಗೆ ಫೋನು.
ಮೂವತ್ತೊಂದು ವರ್ಷ.
ಈಗ ಏನು ಕಂಡರೂ ಮೊದಲು ತೂಕವೇ ಕಾಣುತ್ತದೆ.
ಬಸ್ಸಿನಲ್ಲಿ ಪಕ್ಕದ ಹೆಂಗಸಿನ ಬುಟ್ಟಿ, ಹನ್ನೊಂದೂವರೆ.
ತಂಗಿ ಹೆತ್ತ ಕೂಸು, ಎರಡು ಏಳ್ನೂರು,
ನರ್ಸು ಹೇಳುವ ಮೊದಲೇ ಹೇಳಿದ್ದೆ.
ಅಪ್ಪನ ಬೂದಿಯ ಕುಡಿಕೆ ಕೈಗೆ ಕೊಟ್ಟಾಗಲೂ...
ಬೇಡ, ಅದನ್ನು ಯಾರಿಗೂ ಹೇಳಿಲ್ಲ.

ನಾಲೆಯ ಏರಿಯ ಮೇಲೆ ಹೊಂಗೆಯ ನೆರಳು. ಕುಳಿತೆ.
ನೀರು ಕಬ್ಬಿನ ಗದ್ದೆಗಳ ಕಡೆಗೆ
ಯಾರ ಅವಸರವೂ ಇಲ್ಲದೆ ಹೋಗುತ್ತಿತ್ತು.
ಎಮ್ಮೆಯೊಂದು ಮೂಗು ಕಣ್ಣು ಮಾತ್ರ ಹೊರಗಿಟ್ಟು
ಮಿಕ್ಕ ಭಾರವನ್ನೆಲ್ಲ ನೀರಿಗೆ ಒಪ್ಪಿಸಿಬಿಟ್ಟಿತ್ತು.
ಅದರ ನೆತ್ತಿಯ ಮೇಲೊಂದು ಬೆಳ್ಳಕ್ಕಿ,
ಒಂಟಿ ಕಾಲಲ್ಲಿ, ಬಾಡಿಗೆ ಕೊಡದವರ ಗತ್ತಿನಲ್ಲಿ.
ಮಿಂಚುಳ್ಳಿ ಒಂದು ನೀಲಿ ಗೀರು ಎಳೆದು
ಅಲ್ಲೇ ಅಳಿಸಿತು.
ಆಲೆಮನೆಯಿಂದ ಫೋನು: "ಎಲ್ಲವ್ರೆ? ಲಾರಿ ಬಂದು ನಿಂತದೆ."
"ಬಂದೆ" ಅಂದೆ.
ಕೂತಲ್ಲೇ ಕೂತಿದ್ದೆ.

ಆಗ ಒಣ ತರಗಿನ ಮೇಲೆ ಮಳೆಯಂಥ ಸದ್ದು.
ಮಳೆಯಲ್ಲ, ಗೊರಸು.
ಬಂಡೂರು ಕುರಿಗಳು, ಗಿಡ್ಡ ಕಾಲು, ಹಂಡೆಯಂಥ ಹೊಟ್ಟೆ,
ಏರಿಯ ಅಗಲಕ್ಕೂ ತುಂಬಿಕೊಂಡು ಬಂದು,
ನನ್ನನ್ನೊಂದು ಕಲ್ಲೆಂದು ಬಗೆದು
ಎರಡಾಗಿ ಸೀಳಿ, ಮತ್ತೆ ಒಂದಾಗಿ,
ಅಲ್ಲೇ ನೆರಳಿಗೆ ಕುಸಿದು ಮಲಗಿದವು.
ಉಣ್ಣೆಯ ಕಮಟು, ಹಿಕ್ಕೆಯ ಬಿಸಿ, ಮೆಲುಕಿನ ಹಸಿರು ವಾಸನೆ.

ಹಿಂದೆ ಸಣ್ಣಬೀರಯ್ಯ, ಹೆಗಲಲ್ಲಿ ಕಂಬಳಿ, ಕಿವಿಯಲ್ಲಿ ಬೀಡಿ.
"ಚೈನ್ ಕಿತ್ತೋಯ್ತಾ?"
"ಹೂಂ."
"ಇಲ್ಲಿ ಯಾವೋನೂ ಮಾಡಾಕಿಲ್ಲ. ಕುಂತ್ಕಳಿ,
ಇವು ಎದ್ದಾಗ ಕಿರುಗಾವಲ್ಗಂಟ ನಾನೇ ತಳ್ತೀನಿ."
"ಯಾವಾಗ ಏಳ್ತವೆ?"
ಅವನು ಕುರಿಗಳ ಕಡೆ ನೋಡಿದ, ನನ್ನ ಕಡೆ ನೋಡಿದ.
"ಎದ್ದಾಗ."

ಒಂದು ಮರಿ. ಹುಟ್ಟಿ ಹದಿನೈದು ದಿನವಿದ್ದೀತು.
ತಾಯಿಯನ್ನು ದಾಟಿ ಬಂದು, ನನ್ನ ಚಪ್ಪಲಿ ಮೂಸಿ,
ನನ್ನ ತೊಡೆಗೆ ಇಡೀ ಮೈ ಒರಗಿಸಿ
ಉಸ್ಸೆಂದಿತು.
ಒಳಗೆ ಮುಳ್ಳು ಅಲುಗಿತು, ಅಭ್ಯಾಸ ನೋಡಿ.
ನಾಲ್ಕು, ನಾಲ್ಕು ಇನ್ನೂರು...
ಅಷ್ಟರಲ್ಲಿ ಅದು ಉಸಿರೆಳೆದುಕೊಂಡಿತು, ಏರಿತು.
ಬಿಟ್ಟಿತು, ಇಳಿಯಿತು.
ಮುಳ್ಳು ಎಲ್ಲೂ ನಿಲ್ಲಲಾರದೆ ತೂಗಾಡಿ ತೂಗಾಡಿ
ತನ್ನ ಕೆಲಸವೇ ಮರೆತ ಹಾಗಾಯಿತು.

ನಿದ್ದೆಯೋ, ಮತ್ತೇನೋ.
ನಡುವೆ ಒಂದು ಸಲ ಅಪ್ಪ ಬಂದ.
ಕುಡಿಕೆಯಲ್ಲ.
ಜ್ವರ ಬಂದ ನನ್ನನ್ನು ಹೊತ್ತು
ಬನ್ನೂರಿನ ಆಸ್ಪತ್ರೆಗೆ ನಡೆದ ಆ ಬೆವರು ಬೆನ್ನು.
ಅವನಿಗೆ ನಾನು ಎಷ್ಟು ಭಾರವಿದ್ದೆನೋ.
ಎಂದೂ ಹೇಳಲಿಲ್ಲ.

ಬಿಸಿಲು ಕಬ್ಬಿನ ಸೂಲಂಗಿಗೆ ಇಳಿದಾಗ ಕುರಿಗಳು ಎದ್ದವು,
ಯಾರೂ ಕರೆಯದೆ.
ಮರಿ ಎದ್ದು ಹೋದ ಮೇಲೆ ನನ್ನ ಪ್ಯಾಂಟು
ಒಂದಷ್ಟು ಬೆಚ್ಚಗೆ, ಒಂದಷ್ಟು ಒದ್ದೆ.
ಸಣ್ಣಬೀರಯ್ಯ ಮೊಪೆಡ್ಡಿನ ಹಿಂದೆ ಕೈಯಿಟ್ಟು ಉಬ್ಬಸಪಟ್ಟ:
"ಚೀಲ್ದಲ್ಲಿ ಏನ್ ಸಾಮಿ, ಗುಂಡುಕಲ್ಲಾ? ಎಷ್ಟದೆ?"
ಬಾಯಿ ತೆರೆದೆ.
ಹದಿನೆಂಟು ಕಿಲೋ ಎಂಟುನೂರ ಐವತ್ತು,
ನಿದ್ದೆಗಣ್ಣಲ್ಲೂ ಹೇಳಬಲ್ಲೆ.
"ತಿಳೀದು ಕಣಪ್ಪ" ಅಂದೆ.

ರಸ್ತೆ ತುಂಬ ಕುರಿ, ಅವುಗಳ ಹಿಂದೆ ನಾವು,
ನಮ್ಮ ಹಿಂದೆ ಹಾರನ್ ಬಡಿಯುತ್ತ ಯಾವುದೋ ಕಬ್ಬಿನ ಲಾರಿ.
ಬಡಿಯಲಿ.