ತಪಾಸಣೆಯ ದಿನ ಕಂಡಂತೆ

ಡುಲೂತ್ ಊರು ಗುಡ್ಡಕ್ಕೆ ಒರಗಿ ನಿಂತಿದೆ,
ಒಂದು ಮನೆಯ ಅಂಗಳ ಇನ್ನೊಂದರ ಸೂರಿನ ಮಟ್ಟಕ್ಕೆ.
ಕೆಳಗೆ ಸರೋವರ. ಅದಿರಿನ ಹಡಗು ಕೂಗಿದರೆ
ಮೊದಲು ಓಗೊಡುವುದು ಕಿಟಕಿಯ ಸಡಿಲ ಗಾಜು.
"ಬರೆದುಕೋ," ಎನ್ನುತ್ತಾಳೆ ಐಲಾ ಕರ್ವೊನೆನ್,
"ಪುಟ್ಟಿ ಉದುರಿದೆ, ಉತ್ತರದ ಕೋಣೆ."
ಬರೆಯುತ್ತೇನೆ. ಏಣಿ ಹೊರುವುದು, ಬರೆಯುವುದು,
ಈ ವರ್ಷಕ್ಕೆ ನನ್ನ ಕೆಲಸ ಇಷ್ಟೇ.

ಗುರುವಾರ ಸಂಜೆ ಚರ್ಚಿನ ನೆಲಮಾಳಿಗೆಯಲ್ಲಿ
ಮನೆ ನೋಡುವವರೆಲ್ಲ ಸೇರುತ್ತಾರೆ,
ಕೊಳ್ಳುವವರ ಪರವಾಗಿ ಕತ್ತಲಲ್ಲಿ ತೆವಳುವವರು:
ಮಂಡಿಗೆ ರಬ್ಬರು, ಹಣೆಗೆ ದೀಪ,
ಕುತ್ತಿಗೆಯಲ್ಲಿ ಗಾಜಿನ ಹತ್ತಿಯ ತುರಿಕೆ.
ಕಾಫಿ ಸಪ್ಪೆ, ಮಾತು ಖಾರ.
ಪ್ರೂಇಟ್ ಫೋಟೊ ತೋರಿಸುತ್ತಾನೆ:
ಹನ್ನೆರಡು ಜನ ಕೂತು ಮಾಂಸ ಸುಡುವ ಡೆಕ್ಕು
ಮನೆಗೆ ಅಂಟಿರುವುದು ಬರೀ ಮೊಳೆಯಿಂದ,
ಒಂದೇ ಒಂದು ಬೋಲ್ಟಿಲ್ಲ.
ಇನ್ನೊಬ್ಬನಿಗೆ ಸಿಕ್ಕ ಹೊಗೆಕೊಳವೆ
ಮಾಡು ದಾಟದೆ ಅಟ್ಟದಲ್ಲೇ ಮುಗಿದಿತ್ತಂತೆ;
ಆ ಮನೆಯವರಿಗೆ ಚಳಿಗಾಲವಿಡೀ ತಲೆನೋವು,
ಎಲ್ಲರೂ ಕನ್ನಡಕ ಬದಲಿಸಿದ್ದರು.

ಮಾರ್ಗೊ ಟೂಸಿನ್ಯಾನ್‌ಳ ಚೀಲದಲ್ಲಿ ಸದಾ ಒಂದು ಕೆಂಪು ಚೆಂಡು,
ಅಡ್ಡಳತೆ ನಾಲ್ಕು ಇಂಚು.
ಕಟಕಟೆಯ ಸರಳುಗಳ ನಡುವೆ ಅದು ತೂರಬಾರದು.
ತೂರಿದರೆ ಒಂದು ತಲೆ ತೂರುತ್ತದೆ.
ಯಾವ ಮಗುವಿನದೆಂದು ಪುಸ್ತಕ ಹೇಳುವುದಿಲ್ಲ.

ಆ ವಾರ ಐಲಾ ತಂದದ್ದು ಒಂದು ಮೆಟ್ಟಿಲು.
ಎಮಿಲ್ ಪ್ರೆಬಿಲ್‌ನ ಮನೆ. ಅದಿರುಕಟ್ಟೆಯಲ್ಲಿ
ರಾತ್ರಿಪಾಳಿ ಮುಗಿಸಿ ಬಂದು ಹಗಲು ಗರಗಸ ಹಿಡಿದು
ಅವನೇ ಕಟ್ಟಿದ್ದು. ಹದಿಮೂರರಲ್ಲಿ
ಒಂಬತ್ತನೆಯದು ಮುಕ್ಕಾಲು ಇಂಚು ಹೆಚ್ಚು.
ಪುಸ್ತಕ ಮನ್ನಿಸುವುದು ಅದರ ಅರ್ಧ.
"ನಾನು ಎಡವಿದೆ. ಇವನೂ ಎಡವಿದ," ನನ್ನ ಕಡೆ ಬೆರಳು.
ನಿಜ. ಟೇಪು, ಪೆನ್ನು, ಮರ್ಯಾದೆ
ಮೂರೂ ಕೆಳಗಿನವರೆಗೆ ಉರುಳಿದ್ದವು.
"ಮೂವತ್ತೆಂಟು ವರ್ಷ," ಎಂದಿದ್ದ ಪ್ರೆಬಿಲ್, "ಒಬ್ಬರೂ ಬಿದ್ದಿಲ್ಲ."

"ಕಟ್ಟಿದಾಗ ಆ ನಿಯಮ ಇತ್ತೋ ಇಲ್ಲವೋ,
ನಾವೇನು ನಗರಸಭೆಯೆ?" ಪ್ರೂಇಟ್.
"ನಿಯಮ ಬಂದ ಇಸವಿ ಕಾಲಿಗೆ ಗೊತ್ತಿರುತ್ತದೆಯೆ?" ಮಾರ್ಗೊ.
"ಸುಧಾರಣೆಗೆ ಅವಕಾಶವಿದೆ, ಅಂತ ಬರೆದುಬಿಡು,"
ಬಿಸ್ಕತ್ತು ಅದ್ದುತ್ತ ಮೂಲೆಯಿಂದ ಯಾರೋ.
ಅಡ್ಡಗೋಡೆಯ ಮೇಲೆ ದೀಪವಿಡುವ ಮಾತು.
ಐಲಾ ದಿನವೂ ಅಡ್ಡಗೋಡೆ ತಟ್ಟಿ ನೋಡುವವಳು;
ಅದರ ಮೇಲೆ ಏನನ್ನೂ ಇಡುವುದಿಲ್ಲ.

ವರದಿ ಹೋಯಿತು: ಮೆಟ್ಟಿಲು ಒಂಬತ್ತು, ಎತ್ತರ ಅಸಮ.
ಕೈಪಿಡಿ ಸಡಿಲ. ಬೀಳುವ ಅಪಾಯ. ಸರಿಪಡಿಸಿ.
ನಾನು ಬರೆಯದೆ ಬಿಟ್ಟದ್ದು:
ಎರಡು ಕೈಯಲ್ಲೂ ಕಾಫಿ ಹಿಡಿದು, ದೀಪ ಹಾಕದೆ
ಮುದುಕ ನಮ್ಮತ್ತ ಹತ್ತಿ ಬಂದ ರೀತಿ.
ಒಂಬತ್ತಕ್ಕೆ ಮಂಡಿ ತಾನಾಗಿ ಚೂರು ಮೇಲೆದ್ದಿತು.
ಒಂದು ಹನಿ ಚೆಲ್ಲಲಿಲ್ಲ.

ಏಪ್ರಿಲಿನಲ್ಲಿ ಮರುತಪಾಸಣೆ.
ಬಡಗಿ ಹೊಸ ಮೆಟ್ಟಿಲು ಕೂರಿಸಿದ್ದ,
ಹದಿಮೂರೂ ಒಂದೇ ಅಚ್ಚು. ಗುಂಡನ್ನು ನಡುಗೆರೆಗಳ ಮಧ್ಯೆ ಹಿಡಿದು
ಮಟ್ಟಗೋಲು ಅಲ್ಲಾಡದೆ ನಿಂತಿತು.
ಮರೆತುಹೋದ ಹಿಮಸಲಿಕೆ ಒಯ್ಯಲು ಬಂದಿದ್ದ ಪ್ರೆಬಿಲ್
ಅಟ್ಟದ ಬಾಗಿಲು ತೋರಿಸುತ್ತೇನೆಂದು ಮುಂದೆ ಹತ್ತಿದ.
ಒಂಬತ್ತಕ್ಕೆ ಕಾಲು ಎತ್ತಿತು, ಮುಕ್ಕಾಲು ಇಂಚು ಹೆಚ್ಚಿಗೆ,
ಇಳಿಯಿತು
ಬರೀ ಗಾಳಿಗೆ.

ತಾನು ಕಟ್ಟಿದ ಮನೆಯಲ್ಲಿ ಮೊದಲ ಸಲ ಎಡವಿದ.
ನಿಯಮದ ಪುಸ್ತಕಕ್ಕೂ ಕೈಪಿಡಿ ಎನ್ನುತ್ತಾರೆ;
ಆ ಹೊತ್ತು ಅವನ ತೂಕ ತಡೆದದ್ದು
ಗೋಡೆಗೆ ಹೊಸದಾಗಿ ಬಿಗಿದ ಮರದ್ದು.
ಕಿರುಗುಟ್ಟಲೂ ಇಲ್ಲ.

ಹಾಗೇ ನಿಂತ, ಬೆನ್ನು ನಮ್ಮ ಕಡೆ,
ಬೂಟಿನ ಮೊನೆಯಿಂದ ಹಲಗೆಯನ್ನು ಎರಡು ಸಲ ಮುಟ್ಟಿದ,
ಅಪರಿಚಿತರ ಮನೆಯ ನಾಯಿಯನ್ನು ಮುಟ್ಟುವಂತೆ.
ನಾನು ಪೆನ್ನಿನ ಮುಚ್ಚಳ ತೆಗೆದಿದ್ದೆ.
ಐಲಾ ಹಣೆಯ ದೀಪ ಆರಿಸಿದಳು.
"ಇದನ್ನು ಬರೆದುಕೋಬೇಡ," ಅಂದಳು.