ಯಾವ ಕಂಪನಿಯದು ತರಲಿ

ಉಲಾನ್‌ಬಾತರಿನಲ್ಲಿ, ಹಲ್ಲಿನ ಡಾಕ್ಟರ ಕೆಳಗೆ
ಹನ್ನೊಂದು ಮೆಟ್ಟಿಲಿಳಿದರೆ ನನ್ನ ಅಂಗಡಿ:
ಇಪ್ಪತ್ತೆರಡು ಕಂಪ್ಯೂಟರು, ಇಪ್ಪತ್ತೆರಡು ಕುರ್ಚಿ.
ಗಂಟೆಗಿಷ್ಟು ಅಂತ ಕೊಟ್ಟು ಹುಡುಗರು
ಬೆಳಗಿನ ತನಕ ಒಬ್ಬರನ್ನೊಬ್ಬರು ಕೊಲ್ಲುತ್ತಾರೆ,
ಆಮೇಲೆ ಒಟ್ಟಿಗೆ ಕೂತು ನೂಡಲ್ಸ್ ತಿನ್ನುತ್ತಾರೆ.

ಈ ಡಿಸೆಂಬರಿನಲ್ಲಿ ಮೂರು ಮಷೀನು ಸತ್ತವು.
ಒಂದು, ಆಟದ ನಡುವೆ, ಹುಡುಗರ ಬೈಗುಳದ ನಡುವೆ;
ಇನ್ನೆರಡು ಯಾರೂ ಇಲ್ಲದಾಗ, ಹೇಳದೆ ಕೇಳದೆ.
ಏಳನೇ ನಂಬರಿನದು ಫ್ಯಾನು ತಿರುಗಿಸುತ್ತದೆ,
ದೀಪ ಹಚ್ಚುತ್ತದೆ,
ಮಾತಾಡುವುದಿಲ್ಲ.

ಮದರ್‌ಬೋರ್ಡು, ಅಂದಳು ರಿಪೇರಿಯ ತ್ಸೆರ್ಮಾ, ಮುಚ್ಚಳ ತೆಗೆಯದೆಯೇ.
ನಮ್ಮ ಭಾಷೆಯಲ್ಲಿ ಅದು ಎಖ್ ಹಾವ್ತನ್, ತಾಯಿ ಹಲಗೆ.
ಹೆಸರಿಟ್ಟವನು ಯಾರೋ ಮನೆ ಕಂಡವನೇ ಇರಬೇಕು,
ಎಲ್ಲರೂ ಅವಳಿಗೇ ತಗುಲಿಕೊಂಡಿರುತ್ತಾರೆ, ನೋಡು, ಅಂದೆ.
ತ್ಸೆರ್ಮಾ ನಗಲಿಲ್ಲ.
ಅವಳಿಗೆ ನಾಲ್ಕು ಮಕ್ಕಳು.

ಹೊಸದು ಯಾವ ಕಂಪನಿಯದು ತರಲಿ?
ಮಾರ್ಕೆಟ್ಟಿನಲ್ಲಿ ಒಂದು ಪೆಟ್ಟಿಗೆ ಮೇಲೆ ಕತ್ತಿ,
ಒಂದರ ಮೇಲೆ ಸಿಡಿಲು, ಒಂದರ ಮೇಲೆ ತೋಳ.
ತೋಳ ಕಂಡರೆ ಗಂಡಸಿಗೆ ಅದೃಷ್ಟ ಅನ್ನುತ್ತಿದ್ದ ನನ್ನಜ್ಜ.
ಕುರಿ ಎಣಿಸಿ ಕಮ್ಮಿ ಬಂದ ದಿನ ಮಾತ್ರ
ಹಾಗನ್ನುತ್ತಿರಲಿಲ್ಲ.

ಪೆಟ್ಟಿಗೆ ಬಿಡು, ಅಂದು ಅವಳು
ಚೌಕಳಿ ಹಾಳೆಯ ಪುಸ್ತಕವೊಂದನ್ನು ಮುಂದೆ ನೂಕಿದಳು.
ಹದಿನಾಲ್ಕು ವರ್ಷದ ಸಾವುಗಳು:
ಕಂಪನಿ, ತಿಂಗಳು, ಕಾರಣ.
ಕಾರಣದ ಸಾಲಿನಲ್ಲಿ ಬೆರಳಿಟ್ಟು ಇಳಿದೆ.
ಕರೆಂಟು ಹೋಗಿ ಬಂದದ್ದು. ಕರೆಂಟು. ಕಲ್ಲಿದ್ದಲ ಧೂಳು.
ಚಹಾ. ಉಪ್ಪು ಹಾಕಿದ ಚಹಾ.
ಅಗ್ಗದ ಪವರ್ ಸಪ್ಲೈ. ಕರೆಂಟು. ಸ್ವೆಟರು.

ಸ್ವೆಟರಾ?

ಉಣ್ಣೆ, ಅಂದಳು, ಈ ಒಣ ಚಳಿ,
ಬೆರಳ ತುದಿಯಲ್ಲೊಂದು ಕಿಡಿ. ಸಾಕು.

ಎಲ್ಲ ಕಂಪನಿಯೂ ಇತ್ತು ಆ ಪುಸ್ತಕದಲ್ಲಿ.
ಹಾಗಾದರೆ ಎಲ್ಲವೂ ಒಂದೇನಾ, ಕೇಳಿದೆ.
ಒಂದೇ ಹೇಗಾಗುತ್ತೆ?
ಕೆಲವರು ಸತ್ತದ್ದನ್ನು ಮಾತಿಲ್ಲದೆ ವಾಪಸು ತಗೋತಾರೆ.
ಕೆಲವರ ಗ್ಯಾರಂಟಿ ರೈಲು ಹತ್ತಿ ಗಡಿ ದಾಟಿ
ಮಂಜು ಕರಗುವ ಹೊತ್ತಿಗೆ ಉತ್ತರ ಬರೆಯುತ್ತೆ:
ದಯವಿಟ್ಟು ಇನ್ನೊಂದು ಫೋಟೋ ಕಳಿಸಿ.
ಕೈಯಲ್ಲಿ ಹಿಡಿದು ತೂಗಿ ನೋಡು.
ಕರೆಂಟು ಒಳಬರುವ ಮೂಲೆಯಲ್ಲಿ ಲೋಹ ದಪ್ಪಗಿದೆಯಾ, ಮುಟ್ಟು.
ಬಣ್ಣಬಣ್ಣದ ದೀಪಕ್ಕೆ ದುಡ್ಡು ಸುರೀಬೇಡ,
ಅದು ಯಾರನ್ನೂ ಕಾಯಲ್ಲ.

ಅವಳ ಮೇಜಿನ ಕೆಳಗೆ, ಮುಚ್ಚಳವೇ ಇಲ್ಲದ ಒಂದು ಮಷೀನು
ಗೊಣಗುತ್ತಾ ಓಡುತ್ತಿತ್ತು.
ಹಳದಿ ತಿರುಗಿದ ಹಲಗೆ, ಹದಿಮೂರು ಚಳಿಗಾಲ ಕಂಡದ್ದು.
ಇದು ಯಾವ ಕಂಪನಿ?
ಹೆಸರು ಹೇಳಿದಳು. ನಾನು ಕೇಳಿದ್ದೇ ಇಲ್ಲ.
ಎಲ್ಲಿ ಸಿಗುತ್ತೆ?
ಎಲ್ಲೂ ಇಲ್ಲ. ಮುಚ್ಚಿಹೋಯ್ತು.
ಕೆಡುತ್ತಲೇ ಇರಲಿಲ್ಲ, ಮತ್ತೆ ಯಾರು ಕೊಳ್ಳುತ್ತಾರೆ?
ಈಗ ನಕ್ಕಳು, ಬಿಸಿ ಕಡ್ಡಿ ಪಕ್ಕಕ್ಕಿಟ್ಟು, ಕಣ್ಣೊರೆಸಿಕೊಂಡು.

ಎರಡು ಬೋರ್ಡು ತಂದೆ, ಬೂದು ಪೆಟ್ಟಿಗೆಯವು, ಚಿತ್ರವಿಲ್ಲದವು.
ಕಂಪನಿ ಯಾವುದೆಂದು ಕೇಳಿದವರಿಗೆ ಹೇಳುತ್ತೇನೆ,
ಅದಕ್ಕೂ ಮೊದಲು, ಮಾರಿದವನ ಮನೆ
ನನ್ನ ಮನೆಯಿಂದ ಮೂರನೇ ಬೀದಿ ಅನ್ನುತ್ತೇನೆ.
ಅವನ ನಾಯಿಗೂ ನನ್ನ ಗುರುತಿದೆ.

ಮೂರನೆಯದು ತೋಳ.
ತ್ಸೆರ್ಮಾಗೆ ಹೇಳಿಲ್ಲ.

ಗೋಡೆಗೆ ಚೀಟಿ ಅಂಟಿಸಿದ್ದೇನೆ: ಮೊದಲು ಬಿಸಿನೀರಿನ ಪೈಪು ಮುಟ್ಟಿ,
ಆಮೇಲೆ ಮಷೀನು.
ಬಿಲ್ಗೂನ್ ಎಂಬ ಹುಡುಗ, ಅಜ್ಜಿ ಹೆಣೆದ ಸ್ವೆಟರಿನವನು,
ದಿನವೂ ಪೈಪಿಗೆ ನಮಸ್ಕಾರದಂಥದ್ದೇನೋ ಮಾಡಿ
ಏಳನೇ ನಂಬರಿಗೆ ಕೂರುತ್ತಾನೆ.

ನಿನ್ನೆ ಸೊನ್ನೆಯ ಕೆಳಗೆ ಮೂವತ್ತಾರು.
ನಡುರಾತ್ರಿ ಕರೆಂಟು ಒಮ್ಮೆ ರೆಪ್ಪೆ ಮುಚ್ಚಿ ತೆರೆಯಿತು.
ಇಪ್ಪತ್ತೆರಡು ಪರದೆ ಕಪ್ಪಾದವು.
ಕತ್ತಲಲ್ಲಿ ಯಾರೋ ನೂಡಲ್ಸಿನ ಬಟ್ಟಲು ಕೆಳಗಿಟ್ಟ ಸದ್ದು.
ಆಮೇಲೆ ಒಂದೊಂದೇ ಎದ್ದವು, ಮೂಲೆಯ ಎರಡು, ಕಿಟಕಿಯ ಸಾಲು,
ಬೂದು ಪೆಟ್ಟಿಗೆಯವು ಮೊದಲಿಗೇ.
ನಾನು ಏಳನೆಯದನ್ನೇ ನೋಡುತ್ತಾ ನಿಂತಿದ್ದೆ,
ಬಿಲ್ಗೂನ್ ನನ್ನ ಮುಖ ನೋಡುತ್ತಿದ್ದ.